ಸೂರ್ಯನ ಬೆಳಕಿಗೂ ಬೆಂಬಲ ಬೆಲೆ



ರಜೆಯಲ್ಲಿ ಊರಿಗೆ ಹೋದಾಗ ಮನೆಗಳ ತಾರಸಿಯ ಮೇಲೆ ಕಡು ನೀಲಿ ಬಣ್ಣದ ಸೌರಫಲಕಗಳನ್ನು ನಿಮ್ಮಲ್ಲಿ ಹಲವರು ಕಂಡಿರಬಹುದು. ಸ್ನಾನದ ನೀರು ಕಾಯಿಸುವ ಸೋಲಾರ್ ಹೀಟರ್ ಬೇರೆ, ಇದು ಬೇರೆ. ಈ ಫಲಕಗಳು ಬಿಸಿಲನ್ನು ನೇರವಾಗಿ ವಿದ್ಯುತ್ತಾಗಿ ಬದಲಿಸುತ್ತವೆ. 2000ನೇ ಇಸವಿಯ ಹೊತ್ತಿಗೆ ಇಂತಹ ಫಲಕಗಳು ಸಾಮಾನ್ಯ ಕುಟುಂಬದ ಕೈಗೆ ಎಟುಕುವ ವಸ್ತುವಾಗಿರಲಿಲ್ಲ. ಇಂದು ಅನೇಕ ದೇಶಗಳಲ್ಲಿ ಹೊಸದಾಗಿ ವಿದ್ಯುತ್ ಉತ್ಪಾದಿಸುವ ಅತಿ ಅಗ್ಗದ ದಾರಿಗಳಲ್ಲಿ ಇದೂ ಒಂದು.

ಇದು ಹೇಗೆ ಸಾಧ್ಯವಾಯಿತು? "ವಿಜ್ಞಾನಿಗಳ ಶ್ರಮದಿಂದ" ಎಂದು ನೀವು ಹೇಳಬಹುದು. ಅದು ಸರಿಯಾದ ಉತ್ತರವೇ, ಆದರೆ ಅರ್ಧ ಉತ್ತರ. ಉಳಿದ ಅರ್ಧ ಒಂದು ಕಾನೂನಿನಲ್ಲಿದೆ. ಆ ಕಾನೂನಿನ ತಿರುಳು ಒಂದು ಮಾತು: "ನೀನು ವಿದ್ಯುತ್ ತಯಾರಿಸು, ಗೊತ್ತಾದ ಬೆಲೆಗೆ ನಾವು ಕೊಳ್ಳುತ್ತೇವೆ". ಈ ಏರ್ಪಾಡಿಗೆ ಇಂಗ್ಲಿಷಿನಲ್ಲಿ ಫೀಡ್-ಇನ್ ಟ್ಯಾರಿಫ್ ಎನ್ನುತ್ತಾರೆ. ರಾಗಿಗೂ ಭತ್ತಕ್ಕೂ ಬೆಂಬಲ ಬೆಲೆ ಇರುವುದು ನಮ್ಮ ಕಡೆಯ ಪೋಷಕರಿಗೆಲ್ಲ ಗೊತ್ತು. ಆದ್ದರಿಂದ ಇದನ್ನು ವಿದ್ಯುತ್ತಿನ ಬೆಂಬಲ ಬೆಲೆ ಎಂದು ಕರೆಯೋಣ.

ಹಾಲಿನ ಡೈರಿಯಿಂದ ಆರಂಭಿಸೋಣ

ಕರ್ನಾಟಕದ ಹಳ್ಳಿಗಳಲ್ಲಿ ಬೆಳಗ್ಗೆ ಮತ್ತು ಸಂಜೆ ಹಾಲು ಉತ್ಪಾದಕರ ಸಹಕಾರ ಸಂಘದ ಮುಂದೆ ಜನ ಸಾಲಾಗಿ ನಿಂತಿರುತ್ತಾರೆ. ಒಬ್ಬರ ಕ್ಯಾನಿನಲ್ಲಿ ಹತ್ತು ಲೀಟರ್ ಇದ್ದರೆ ಇನ್ನೊಬ್ಬರ ತಂಬಿಗೆಯಲ್ಲಿ ಒಂದೇ ಲೀಟರ್. ಡೈರಿಯವರು ಇಬ್ಬರ ಹಾಲನ್ನೂ ಅಳೆಯುತ್ತಾರೆ, ಗುಣಮಟ್ಟ ಪರೀಕ್ಷಿಸುತ್ತಾರೆ, ಮೊದಲೇ ತಿಳಿಸಿದ ದರದಲ್ಲಿ ಲೆಕ್ಕ ಬರೆಯುತ್ತಾರೆ. ಒಂದೇ ಹಸು ಇರುವ ಮನೆಯವರೂ ಪಟ್ಟಣಕ್ಕೆ ಹೋಗಿ ಗಿರಾಕಿ ಹುಡುಕಬೇಕಾಗಿಲ್ಲ. ಕೊಳ್ಳುವವರು ಇದ್ದಾರೆ ಎಂಬ ಧೈರ್ಯದಿಂದಲೇ ಅವರು ಸಾಲ ಮಾಡಿ ಎರಡನೆಯ ಹಸು ಕಟ್ಟುತ್ತಾರೆ.

ಈಗ ಹಸುವಿನ ಜಾಗದಲ್ಲಿ ಸೌರಫಲಕವನ್ನೋ ಗಾಳಿಯಂತ್ರವನ್ನೋ ಇಡಿ. ಡೈರಿಯ ಜಾಗದಲ್ಲಿ ವಿದ್ಯುತ್ ಜಾಲವನ್ನು, ಎಂದರೆ ಗ್ರಿಡ್ಡನ್ನು, ಇಡಿ. ಅಳತೆಗೆ ಮೀಟರ್ ಇದೆ. ಬೆಂಬಲ ಬೆಲೆಯ ಪದ್ಧತಿ ನಿಂತಿರುವುದು ಮೂರು ಭರವಸೆಗಳ ಮೇಲೆ:

1. ಸಂಪರ್ಕದ ಭರವಸೆ: ನಿಮ್ಮ ಘಟಕ ಎಷ್ಟೇ ಚಿಕ್ಕದಿರಲಿ, ವಿದ್ಯುತ್ ಕಂಪನಿ ಅದನ್ನು ಜಾಲಕ್ಕೆ ಸೇರಿಸಲೇಬೇಕು.

2. ಬೆಲೆಯ ಭರವಸೆ: ನೀವು ಕೊಟ್ಟ ಪ್ರತಿ ಯೂನಿಟ್ಟಿಗೂ ಕಾನೂನು ನಿಗದಿ ಮಾಡಿದ ಬೆಲೆ ಸಿಗಬೇಕು.

3. ಕಾಲದ ಭರವಸೆ: ಆ ಬೆಲೆ ಒಂದೆರಡು ವರ್ಷಕ್ಕಲ್ಲ, ಸಾಮಾನ್ಯವಾಗಿ 20 ವರ್ಷಗಳವರೆಗೆ ಸಿಗಬೇಕು.

ಮೂರರಲ್ಲಿ ಮೂರನೆಯದೇ ಮುಖ್ಯ. ಸೌರಫಲಕಕ್ಕೆ ಇಂಧನದ ಖರ್ಚಿಲ್ಲ, ಸೂರ್ಯ ಬಿಲ್ಲು ಕಳುಹಿಸುವುದಿಲ್ಲ. ಆದರೆ ಹಣವನ್ನೆಲ್ಲ ಮೊದಲ ದಿನವೇ ಸುರಿಯಬೇಕು. ಅದು ಹಿಂದಿರುಗಲು ಹತ್ತಾರು ವರ್ಷ ಬೇಕು. ಮುಂದಿನ ಇಪ್ಪತ್ತು ವರ್ಷ ಆದಾಯ ಎಷ್ಟು ಎಂದು ತಿಳಿದರೆ ಬ್ಯಾಂಕಿನವರು ಧೈರ್ಯವಾಗಿ ಸಾಲ ಕೊಡುತ್ತಾರೆ. ತಿಳಿಯದಿದ್ದರೆ ಶ್ರೀಮಂತರು ಮಾತ್ರ ಈ ಕೆಲಸಕ್ಕೆ ಕೈ ಹಾಕಬಲ್ಲರು.

ಮೋಡದ ನಾಡಿನಲ್ಲಿ ಸೂರ್ಯನ ಕಾನೂನು

ಈ ಪದ್ಧತಿಯನ್ನು ದೊಡ್ಡದಾಗಿ ಬೆಳೆಸಿದ ದೇಶ ಜರ್ಮನಿ. ಅಲ್ಲಿ ಬೀಳುವ ಬಿಸಿಲು ನಮ್ಮ ರಾಯಚೂರಿಗೂ ಪಾವಗಡಕ್ಕೂ ಹೋಲಿಸಿದರೆ ಬಹಳ ಕಡಿಮೆ. ಆದರೂ ಅಲ್ಲಿಯೇ ಇದು ಬೇರೂರಿತು. 1986ರ ಚೆರ್ನೋಬಿಲ್ ಅಣುಸ್ಥಾವರ ದುರಂತದ ನಂತರ ಜರ್ಮನಿಯ ಜನರಲ್ಲಿ ಬೇರೆ ಬಗೆಯ ವಿದ್ಯುತ್ ಬೇಕೆಂಬ ಒತ್ತಾಸೆ ಬಲವಾಗಿತ್ತು.

ಮೊದಲ ಕಾನೂನು ಬಂದದ್ದು 1990ರ ಡಿಸೆಂಬರಿನಲ್ಲಿ. ಜಾರಿಯಾದದ್ದು 1991ರ ಜನವರಿ 1ರಂದು. ಇದಕ್ಕಾಗಿ ಶ್ರಮಿಸಿದವರಲ್ಲಿ ಇಬ್ಬರು ಸಂಸದರು ಮುಖ್ಯರು. ಒಬ್ಬರು ಬವೇರಿಯಾದ ಸಂಪ್ರದಾಯವಾದಿ ಪಕ್ಷದ ಮಥಿಯಾಸ್ ಎಂಗೆಲ್ಸ್‌ಬರ್ಗರ್, ಇನ್ನೊಬ್ಬರು ಹಸಿರು ಪಕ್ಷದ ವೋಲ್ಫ್‌ಗಾಂಗ್ ಡೇನಿಯಲ್ಸ್. ಎಂಗೆಲ್ಸ್‌ಬರ್ಗರ್ ಅವರಿಗೆ ತಮ್ಮ ಸೀಮೆಯ ತೊರೆಗಳಲ್ಲಿ ಚಿಕ್ಕ ಜಲವಿದ್ಯುತ್ ಘಟಕ ನಡೆಸುತ್ತಿದ್ದವರ ಕಷ್ಟ ಗೊತ್ತಿತ್ತು. ಡೇನಿಯಲ್ಸ್ ಅವರಿಗೆ ಪರಿಸರದ ಚಿಂತೆ ಇತ್ತು. ಎದುರು ಬದುರು ಪಕ್ಷದವರು ಒಂದು ಒಳ್ಳೆಯ ಕೆಲಸಕ್ಕೆ ಕೈ ಜೋಡಿಸಿದರು.

ಆ ಕಾನೂನು ಬಹಳ ಚಿಕ್ಕದು. ಗಾಳಿ ಮತ್ತು ಸೂರ್ಯನಿಂದ ಬಂದ ವಿದ್ಯುತ್ತಿಗೆ, ಗ್ರಾಹಕರು ಕೊಡುವ ಸರಾಸರಿ ಬೆಲೆಯ ಶೇಕಡಾ 90ರಷ್ಟನ್ನು ವಿದ್ಯುತ್ ಕಂಪನಿಗಳು ಕೊಡಬೇಕು ಎಂಬುದು ಅದರ ಸಾರ. ಗಾಳಿಯಂತ್ರದವರಿಗೆ ಈ ಬೆಲೆ ಸಾಕಾಯಿತು. ಉತ್ತರ ಜರ್ಮನಿಯ ಕರಾವಳಿಯಲ್ಲಿ ರೈತರೇ ಸೇರಿ ಗಾಳಿಯಂತ್ರಗಳನ್ನು ನಿಲ್ಲಿಸಿದರು. ಆದರೆ ಸೌರಫಲಕದವರಿಗೆ ಇದು ಯಾವ ಮೂಲೆಗೂ ಸಾಲಲಿಲ್ಲ. ಸೌರವಿದ್ಯುತ್ತನ್ನು ತಯಾರಿಸುವ ವೆಚ್ಚವೇ ಅದಕ್ಕಿಂತ ಹಲವು ಪಟ್ಟು ಹೆಚ್ಚಿತ್ತು.

ಆಗ ಮುಂದೆ ಬಂದದ್ದು ಒಂದು ಊರು. ಜರ್ಮನಿಯ ಪಶ್ಚಿಮ ಗಡಿಯಲ್ಲಿರುವ ಆಖೆನ್ ನಗರದಲ್ಲಿ ವೋಲ್ಫ್ ಫಾನ್ ಫಾಬೆಕ್ ಎಂಬ ಮಾಜಿ ಸೇನಾಧಿಕಾರಿ ಮತ್ತು ಅವರ ಸಂಗಡಿಗರು ಒಂದು ಸರಳ ಪ್ರಶ್ನೆ ಕೇಳಿದರು: "ಕಲ್ಲಿದ್ದಲು ಸ್ಥಾವರಕ್ಕೆ ಅದರ ಪೂರ್ತಿ ಖರ್ಚು ಹುಟ್ಟುವಂತೆ ಬೆಲೆ ಕಟ್ಟುತ್ತೀರಿ, ಸೂರ್ಯನಿಗೆ ಮಾತ್ರ ಏಕೆ ಕಟ್ಟುವುದಿಲ್ಲ?" ವರ್ಷಗಟ್ಟಲೆ ವಾದ ವಿವಾದ ನಡೆದು, 1995ರಲ್ಲಿ ಅಲ್ಲಿ ಪ್ರತಿ ಯೂನಿಟ್ ಸೌರವಿದ್ಯುತ್ತಿಗೆ 2 ಮಾರ್ಕ್‌ವರೆಗೆ 20 ವರ್ಷ ಕೊಡುವ ಏರ್ಪಾಡು ಜಾರಿಗೆ ಬಂತು. ಆ ಹಣವನ್ನು ಊರಿನ ಎಲ್ಲ ಗ್ರಾಹಕರ ಬಿಲ್ಲಿಗೆ ಹಂಚಿದಾಗ ಪ್ರತಿಯೊಬ್ಬರಿಗೂ ಬಿದ್ದ ಹೊರೆ ಅತ್ಯಲ್ಪ. ಹನಿಗೂಡಿದರೆ ಹಳ್ಳ ಎಂಬ ಗಾದೆಯನ್ನು ಆ ಊರಿನವರು ಕಾರ್ಯರೂಪಕ್ಕೆ ತಂದರು ಎನ್ನಬಹುದು.

ಈ ಊರಿನ ಪಾಠವೇ ದೇಶದ ಕಾನೂನಾಯಿತು. ಹರ್ಮನ್ ಶೀರ್ ಮತ್ತು ಹಾನ್ಸ್-ಜೋಸೆಫ್ ಫೆಲ್ ಮೊದಲಾದ ಸಂಸದರು ರೂಪಿಸಿದ ನವೀಕರಿಸಬಹುದಾದ ಇಂಧನಗಳ ಕಾಯಿದೆ 2000ದ ಏಪ್ರಿಲ್ 1ರಂದು ಜಾರಿಗೆ ಬಂತು. ಸೌರವಿದ್ಯುತ್ತಿಗೆ ಪ್ರತಿ ಯೂನಿಟ್ಟಿಗೆ 99 ಫೆನಿಗ್ ನಿಗದಿಯಾಯಿತು. ಯೂರೋ ಲೆಕ್ಕದಲ್ಲಿ ಅದು ಸುಮಾರು 51 ಸೆಂಟ್. ಆ ವರ್ಷ ಜರ್ಮನಿಯ ಮನೆಗಳು ಕೊಳ್ಳುತ್ತಿದ್ದ ವಿದ್ಯುತ್ತಿನ ಬೆಲೆ ಸುಮಾರು 14 ಸೆಂಟ್!

ಒಂದು ಮನೆಯ ಲೆಕ್ಕ

ಲೆಕ್ಕ ಮಾಡಿ ನೋಡಿದರೆ ವಿಷಯ ಇನ್ನೂ ಸ್ಪಷ್ಟವಾಗುತ್ತದೆ. ಪೆನ್ಸಿಲ್ ಕೈಗೆತ್ತಿಕೊಳ್ಳಿ.

2004ರಲ್ಲಿ ಚಿಕ್ಕ ಛಾವಣಿಗಳ ದರ 57.4 ಸೆಂಟ್‌ಗೆ ಏರಿತು. ಒಂದು ಕುಟುಂಬ ಆ ವರ್ಷ 3 ಕಿಲೋವ್ಯಾಟ್ ಫಲಕಗಳನ್ನು ಹಾಕಿಸಿತು ಎಂದುಕೊಳ್ಳೋಣ. ಜರ್ಮನಿಯ ಬಿಸಿಲಿನಲ್ಲಿ 1 ಕಿಲೋವ್ಯಾಟ್ ಫಲಕ ವರ್ಷಕ್ಕೆ ಸುಮಾರು 900 ಯೂನಿಟ್ ಕೊಡುತ್ತದೆ.

ವರ್ಷದ ಉತ್ಪಾದನೆ: 3 × 900 = 2,700 ಯೂನಿಟ್.

ವರ್ಷದ ಆದಾಯ: 2,700 × 0.574 = ಸುಮಾರು 1,550 ಯೂರೋ.

ಇಪ್ಪತ್ತು ವರ್ಷದ ಆದಾಯ: 1,550 × 20 = 31,000 ಯೂರೋ.

ಫಲಕಗಳಿಗೆ 17,000 ಯೂರೋ ಖರ್ಚಾಯಿತು ಎಂದಿಟ್ಟುಕೊಂಡರೆ, ಅಸಲು ಹಿಂದಿರುಗಲು ಹನ್ನೊಂದು ವರ್ಷ ಬೇಕು. ಸಾಲದ ಬಡ್ಡಿ, ದುರಸ್ತಿಯ ಖರ್ಚು ಕಳೆದ ಮೇಲೂ ಕೊಂಚ ಲಾಭ ಉಳಿಯುತ್ತದೆ. ಇದೇ ವಿದ್ಯುತ್ತಿಗೆ 14 ಸೆಂಟ್ ಮಾತ್ರ ಸಿಕ್ಕಿದ್ದರೆ? ವರ್ಷಕ್ಕೆ 378 ಯೂರೋ. ಇಪ್ಪತ್ತು ವರ್ಷವಾದರೂ ಅಸಲಿನ ಅರ್ಧವೂ ಹುಟ್ಟುವುದಿಲ್ಲ. ಯಾರು ತಾನೇ ಹಾಕಿಸುತ್ತಿದ್ದರು?

ಶಿಕ್ಷಕರು, ರೈತರು, ಅಂಗಡಿಯವರು, ಚರ್ಚುಗಳು, ಶಾಲೆಗಳು ಹೀಗೆ ಎಲ್ಲರ ಛಾವಣಿಗಳೂ ಪುಟ್ಟ ವಿದ್ಯುತ್ ಸ್ಥಾವರಗಳಾದವು. 2000ದಲ್ಲಿ ಜರ್ಮನಿಯ ಒಟ್ಟು ಸೌರಸಾಮರ್ಥ್ಯ ನೂರು ಮೆಗಾವ್ಯಾಟ್‌ನ ಆಸುಪಾಸಿನಲ್ಲಿತ್ತು. 2012ರ ಕೊನೆಗೆ ಅದು 30,000 ಮೆಗಾವ್ಯಾಟ್ ದಾಟಿತು. ವಿದ್ಯುತ್ ಬಳಕೆಯಲ್ಲಿ ಎಲ್ಲ ಬಗೆಯ ನವೀಕರಿಸಬಹುದಾದ ಇಂಧನಗಳ ಪಾಲು 2000ದಲ್ಲಿ ಶೇಕಡಾ 6ರಷ್ಟಿದ್ದದ್ದು 2023ರಲ್ಲಿ ಅರ್ಧವನ್ನು ಮೀರಿತು.

ವರ್ಷ ವರ್ಷ ಇಳಿಯುವ ದರ

ಇಲ್ಲಿ ಒಂದು ಸಂಶಯ ಬರಬಹುದು. ಇಷ್ಟು ಹೆಚ್ಚು ಬೆಲೆ ಕೊಡುತ್ತಲೇ ಹೋದರೆ ದೇಶ ಉಳಿಯುವುದು ಹೇಗೆ? ಕಾನೂನಿನ ಜಾಣತನ ಇರುವುದು ಇಲ್ಲಿಯೇ. ಒಮ್ಮೆ ಸೇರಿದವರಿಗೆ ಕೊಟ್ಟ ದರ 20 ವರ್ಷ ಬದಲಾಗುವುದಿಲ್ಲ. ಆದರೆ ಹೊಸದಾಗಿ ಸೇರುವವರ ದರ ಪ್ರತಿ ವರ್ಷ ಇಳಿಯುತ್ತದೆ. 2002ರಿಂದ ಹೊಸ ಸೌರಘಟಕಗಳ ದರವನ್ನು ವರ್ಷಕ್ಕೆ ಶೇಕಡಾ 5ರಂತೆ ಇಳಿಸಬೇಕೆಂದು ಮೂಲ ಕಾನೂನೇ ಹೇಳಿತ್ತು. 2004ರಲ್ಲಿ ಒಮ್ಮೆ ಏರಿಸಿದ ಮೇಲೆ ಮತ್ತೆ ಇಳಿಕೆ ಮುಂದುವರಿಯಿತು.

ಇದರಿಂದ ಫಲಕ ತಯಾರಿಸುವವರಿಗೆ ಒಂದು ಎಚ್ಚರಿಕೆ ಸಿಕ್ಕಿತು: ಬರುವ ವರ್ಷ ಗ್ರಾಹಕನ ಆದಾಯ ಕಡಿಮೆಯಾಗುತ್ತದೆ, ಆದ್ದರಿಂದ ನೀವೂ ಅಗ್ಗವಾಗಿ ತಯಾರಿಸಬೇಕು. ಬೇಡಿಕೆ ಖಚಿತವಾಗಿದ್ದುದರಿಂದ ದೊಡ್ಡ ದೊಡ್ಡ ಕಾರ್ಖಾನೆಗಳು ತಲೆ ಎತ್ತಿದವು, ಮುಖ್ಯವಾಗಿ ಚೀನಾದಲ್ಲಿ. ಹೆಚ್ಚು ತಯಾರಿಸಿದಷ್ಟೂ ಬೆಲೆ ಇಳಿಯಿತು. 2012ರ ಏಪ್ರಿಲ್ ಹೊತ್ತಿಗೆ ಜರ್ಮನಿಯ ಚಿಕ್ಕ ಛಾವಣಿಗಳ ದರ 19.5 ಸೆಂಟ್‌ಗೆ ಬಂದಿತ್ತು. ಹತ್ತು ವರ್ಷಗಳ ನಂತರ ಅದು 8 ಸೆಂಟ್‌ನ ಆಸುಪಾಸಿನಲ್ಲಿತ್ತು. ಜರ್ಮನಿಯ ಮನೆಗಳು ಕಟ್ಟಿದ ಹಣದ ಫಲವನ್ನು ಇಂದು ಆಫ್ರಿಕಾದ ಹಳ್ಳಿಯೂ ತುಮಕೂರಿನ ತಾರಸಿಯೂ ಉಣ್ಣುತ್ತಿವೆ.

ಫಲ ಎಲ್ಲರಿಗೂ ಸಮನಾಗಿ ಸಿಗಲಿಲ್ಲ ಎಂಬುದನ್ನೂ ಹೇಳಬೇಕು. ಒಂದು ಕಾಲಕ್ಕೆ ಜಗತ್ತಿನ ಅತಿ ದೊಡ್ಡ ಸೌರಕೋಶ ತಯಾರಕರಲ್ಲಿ ಒಂದಾಗಿದ್ದ ಜರ್ಮನಿಯ ಕ್ಯು-ಸೆಲ್ಸ್ ಕಂಪನಿ, ಬೆಲೆ ಕುಸಿತವನ್ನು ತಾಳಲಾರದೆ 2012ರಲ್ಲಿ ದಿವಾಳಿ ಅರ್ಜಿ ಸಲ್ಲಿಸಿತು. ದೀಪ ಹಚ್ಚಿದವರ ಮನೆಯಲ್ಲೇ ಕೆಲವರ ಕೆಲಸ ಹೋಯಿತು.

ಬಿಲ್ಲು ಕಟ್ಟುವವರು ಯಾರು?

ಬೆಂಬಲ ಬೆಲೆಯ ಹಣ ಬಹುಕಾಲ ಸರ್ಕಾರದ ಬೊಕ್ಕಸದಿಂದ ಬರುತ್ತಿರಲಿಲ್ಲ. ವಿದ್ಯುತ್ ಬಳಸುವ ಎಲ್ಲರ ಬಿಲ್ಲಿನಲ್ಲೂ ಯೂನಿಟ್ಟಿಗೆ ಇಂತಿಷ್ಟು ಎಂದು ಒಂದು ಉಪಕರ ಸೇರುತ್ತಿತ್ತು. 2010ರಲ್ಲಿ ಅದು ಸುಮಾರು 2 ಸೆಂಟ್ ಇತ್ತು, 2014ರಲ್ಲಿ 6.24 ಸೆಂಟ್ ಆಯಿತು, 2017ರಲ್ಲಿ 6.88 ಸೆಂಟ್ ತಲುಪಿತು. ವರ್ಷಕ್ಕೆ 3,500 ಯೂನಿಟ್ ಬಳಸುವ ಮನೆಗೆ ಇದು 240 ಯೂರೋ ಹೊರೆ.

ಈಗ ಯೋಚಿಸಿ. ಸ್ವಂತ ಮನೆ, ಸ್ವಂತ ಛಾವಣಿ ಇರುವವರು ಫಲಕ ಹಾಕಿಸಿ ಆದಾಯ ಪಡೆದರು. ಬಾಡಿಗೆ ಮನೆಯಲ್ಲಿರುವ ಬಡ ಕುಟುಂಬಕ್ಕೆ ಛಾವಣಿ ಎಲ್ಲಿದೆ? ಅವರು ಉಪಕರ ಮಾತ್ರ ಕಟ್ಟಿದರು. ಮೇಲಾಗಿ ಹೆಚ್ಚು ವಿದ್ಯುತ್ ಬಳಸುವ ಅನೇಕ ದೊಡ್ಡ ಕಾರ್ಖಾನೆಗಳಿಗೆ ಉಪಕರದಲ್ಲಿ ರಿಯಾಯಿತಿ ಸಿಕ್ಕಿತು. ಅವರ ಪಾಲಿನ ಹೊರೆಯೂ ಉಳಿದವರ ಹೆಗಲಿಗೆ ಬಂತು. ಈ ದೂರಿನಲ್ಲಿ ಸತ್ಯವಿತ್ತು. 2022ರ ಜುಲೈ 1ರಿಂದ ಜರ್ಮನಿ ಉಪಕರವನ್ನು ಸೊನ್ನೆಗೆ ಇಳಿಸಿ, ಆ ವೆಚ್ಚವನ್ನು ಸರ್ಕಾರದ ಹಣದಿಂದ ಭರಿಸುವ ದಾರಿ ಹಿಡಿಯಿತು.

ಇನ್ನೊಂದು ತೊಡಕೂ ಇದೆ. ಡೈರಿಯ ಹಾಲನ್ನು ತಣ್ಣಗೆ ಮಾಡಿ ಇಡಬಹುದು, ಪುಡಿ ಮಾಡಬಹುದು. ವಿದ್ಯುತ್ತನ್ನು ಹಾಗೆ ಇಡುವುದು ಸುಲಭವಲ್ಲ. ಬೇಸಿಗೆಯ ಮಧ್ಯಾಹ್ನ ಎಲ್ಲ ಛಾವಣಿಗಳೂ ಒಟ್ಟಿಗೆ ವಿದ್ಯುತ್ ಕೊಟ್ಟಾಗ ಸಗಟು ಮಾರುಕಟ್ಟೆಯಲ್ಲಿ ಬೆಲೆ ಸೊನ್ನೆಗಿಂತಲೂ ಕೆಳಗೆ ಹೋಗುವುದುಂಟು. ಅದಕ್ಕಾಗಿ 2025ರ ಫೆಬ್ರವರಿ ಕೊನೆಯಲ್ಲಿ ಜರ್ಮನಿ ಹೊಸ ನಿಯಮ ತಂದು, ಅಂತಹ ಹೊತ್ತಿನಲ್ಲಿ ಹೊಸ ಘಟಕಗಳಿಗೆ ಬೆಂಬಲ ಬೆಲೆ ಇಲ್ಲವೆಂದಿತು. ಮೊದಲಿಗೆ ಫಲಕಕ್ಕೆ ಪ್ರೋತ್ಸಾಹ ಬೇಕಿತ್ತು, ಈಗ ಬ್ಯಾಟರಿಗೆ ಬೇಕಾಗಿದೆ.

ಕೊಟ್ಟ ಮಾತು ತಪ್ಪಿದರೆ

ಪುಣ್ಯಕೋಟಿಯ ಕಥೆ ಕೇಳಿ ಬೆಳೆದ ನಮಗೆ ಕೊಟ್ಟ ಮಾತಿನ ಬೆಲೆ ಗೊತ್ತು. ಬೆಂಬಲ ಬೆಲೆಯ ಕಥೆಯಲ್ಲೂ ಅದೇ ತಿರುಳು.

ಸ್ಪೇನ್ ದೇಶ 2007ರಲ್ಲಿ ಸೌರವಿದ್ಯುತ್ತಿಗೆ ಯೂನಿಟ್ಟಿಗೆ 40 ಸೆಂಟ್‌ಗೂ ಹೆಚ್ಚು ದರವನ್ನು 25 ವರ್ಷಗಳಿಗೆ ಘೋಷಿಸಿತು. ಎಷ್ಟು ಜನ ಬಂದರೆ ದರ ಎಷ್ಟು ಇಳಿಯಬೇಕು ಎಂಬ ಕಡಿವಾಣ ಸಾಕಷ್ಟು ಇರಲಿಲ್ಲ. 2010ಕ್ಕೆ ಸುಮಾರು 400 ಮೆಗಾವ್ಯಾಟ್ ಸಾಕೆಂದುಕೊಂಡಿದ್ದ ದೇಶದಲ್ಲಿ 2008 ಒಂದೇ ವರ್ಷ 2,500 ಮೆಗಾವ್ಯಾಟ್‌ಗೂ ಹೆಚ್ಚು ಫಲಕಗಳು ಬಂದವು. ಅಷ್ಟು ಜನರಿಗೂ ಹಣ ಕೊಡುವುದು ಕಷ್ಟವಾಯಿತು. ಆಗ ಸರ್ಕಾರ ಹೊಸಬರ ದರ ಇಳಿಸಿದ್ದಲ್ಲದೆ, 2010ರಿಂದ 2013ರ ನಡುವೆ ಹಳಬರಿಗೆ ಕೊಟ್ಟಿದ್ದ ಮಾತನ್ನೂ ಕಡಿತಗೊಳಿಸಿತು. ಸರ್ಕಾರದ ಮಾತು ನಂಬಿ, ಮನೆ ಜಮೀನು ಒತ್ತೆಯಿಟ್ಟು ಸಾಲ ಮಾಡಿದ್ದ ಸಾವಿರಾರು ಸಾಮಾನ್ಯ ಕುಟುಂಬಗಳು ಸಂಕಟಕ್ಕೆ ಸಿಲುಕಿದವು. ಅಲ್ಲಿ ಸೌರ ಉದ್ಯಮ ಹಲವು ವರ್ಷ ಮಲಗಿಬಿಟ್ಟಿತು.

ಬ್ರಿಟನ್ 2010ರ ಏಪ್ರಿಲ್ 1ರಂದು ಈ ಪದ್ಧತಿಯನ್ನು ಆರಂಭಿಸಿತು. ಹಳೆಯ ಮನೆಗಳ ಚಿಕ್ಕ ಛಾವಣಿಗಳಿಗೆ ಯೂನಿಟ್ಟಿಗೆ 41.3 ಪೆನ್ಸ್ ದರವಿತ್ತು. 2011ರ ಕೊನೆಯಲ್ಲಿ ಸರ್ಕಾರ ಅದನ್ನು ಸುಮಾರು ಅರ್ಧಕ್ಕೆ ಇಳಿಸಲು ಹೊರಟಿತು. ಸಾರ್ವಜನಿಕರ ಅಭಿಪ್ರಾಯ ಕೇಳುವ ಗಡುವು ಮುಗಿಯುವ ಮೊದಲೇ ಬರುವ ಒಂದು ದಿನವನ್ನು ಇಳಿಕೆಯ ದಿನವೆಂದು ಇಟ್ಟುಕೊಂಡಿತ್ತು. ಪರಿಸರ ಸಂಘಟನೆಯೊಂದು ಮತ್ತು ಎರಡು ಸೌರ ಕಂಪನಿಗಳು ನ್ಯಾಯಾಲಯಕ್ಕೆ ಹೋದವು. ಇದು ಕಾನೂನಿಗೆ ವಿರುದ್ಧ ಎಂದು ನ್ಯಾಯಾಲಯ ತೀರ್ಪಿತ್ತಿತು. ಮೇಲ್ಮನವಿಯಲ್ಲೂ ಸರ್ಕಾರಕ್ಕೆ ಸೋಲಾಯಿತು. ದರ ಇಳಿಸುವುದು ತಪ್ಪಲ್ಲ, ಆದರೆ ಜನರಿಗೆ ಮೊದಲೇ ತಿಳಿಸಿ ಇಳಿಸಬೇಕು. ಕೊನೆಗೆ 2019ರ ಮಾರ್ಚ್ 31ರಂದು ಬ್ರಿಟನ್ ಹೊಸಬರಿಗೆ ಈ ಯೋಜನೆಯನ್ನು ಮುಚ್ಚಿತು. ಅದಕ್ಕೆ ಮೊದಲು ಸೇರಿದವರಿಗೆ ಮಾತು ಹಾಗೆಯೇ ಉಳಿಯಿತು.

ನಮ್ಮ ನಾಡಿನಲ್ಲಿ

ಭಾರತದಲ್ಲಿ 2003ರ ವಿದ್ಯುತ್ ಕಾಯಿದೆಯ ಅಡಿಯಲ್ಲಿ ರಾಜ್ಯಗಳ ನಿಯಂತ್ರಣ ಆಯೋಗಗಳು ಇಂತಹ ದರಗಳನ್ನು ಗೊತ್ತುಪಡಿಸುತ್ತ ಬಂದವು. ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ 2013ರಲ್ಲಿ ಛಾವಣಿಯ ಸೌರವಿದ್ಯುತ್ತಿಗೆ, ಸಹಾಯಧನ ಪಡೆಯದವರಿಗೆ, ಯೂನಿಟ್ಟಿಗೆ 9 ರೂಪಾಯಿ 56 ಪೈಸೆ ಎಂದು ನಿಗದಿ ಮಾಡಿತು. ಮರುವರ್ಷ ಬಂದ ಸೂರ್ಯ ರೈತ ಯೋಜನೆಯಲ್ಲಿ, ಸೋಲಾರ್ ಪಂಪಿನಿಂದ ನೀರೆತ್ತಿ ಉಳಿದ ವಿದ್ಯುತ್ತನ್ನು ರೈತರು ಜಾಲಕ್ಕೆ ಮಾರಬಹುದಾಗಿತ್ತು. ಕನಕಪುರ ತಾಲ್ಲೂಕಿನ ಹಾರೋಬೆಲೆಯ ಸುತ್ತ ಇದರ ಪ್ರಯೋಗ ನಡೆಯಿತು.

ದೊಡ್ಡ ಘಟಕಗಳಿಗೆ ಭಾರತ ಹರಾಜಿನ ದಾರಿ ಹಿಡಿಯಿತು. ಯಾರು ಕಡಿಮೆ ಬೆಲೆಗೆ ವಿದ್ಯುತ್ ಕೊಡುತ್ತೇವೆ ಎನ್ನುತ್ತಾರೋ ಅವರಿಗೆ ಗುತ್ತಿಗೆ. 2017ರಲ್ಲಿ ರಾಜಸ್ಥಾನದ ಭಡ್ಲಾದಲ್ಲಿ ಬೆಲೆ 2 ರೂಪಾಯಿ 44 ಪೈಸೆಗೆ ಇಳಿಯಿತು. ತುಮಕೂರು ಜಿಲ್ಲೆಯ ಪಾವಗಡದಲ್ಲಿ 2,050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್ ಎದ್ದು ನಿಂತಿತು. ಅಲ್ಲಿ ರೈತರ ಜಮೀನನ್ನು ಕೊಳ್ಳದೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆಗೆ ಪಡೆದದ್ದು ಗಮನಿಸಬೇಕಾದ ಸಂಗತಿ. ಹರಾಜಿನಲ್ಲಿ ವಿದ್ಯುತ್ ಅಗ್ಗವಾಗುತ್ತದೆ ನಿಜ. ಆದರೆ ಹರಾಜು ಕೂಗಲು ನೂರಾರು ಕೋಟಿ ಬೇಕು. ತಂಬಿಗೆಯಲ್ಲಿ ಒಂದು ಲೀಟರ್ ತಂದವರಿಗೆ ಅಲ್ಲಿ ಜಾಗವಿಲ್ಲ.

ಮನೆಗಳಿಗೆ ಹೆಚ್ಚಾಗಿ ಬಳಕೆಯಲ್ಲಿರುವುದು ನೆಟ್ ಮೀಟರಿಂಗ್. ಹಗಲು ನೀವು ಜಾಲಕ್ಕೆ ಕೊಟ್ಟ ಯೂನಿಟ್ಟನ್ನು ರಾತ್ರಿ ತೆಗೆದುಕೊಂಡ ಯೂನಿಟ್ಟಿನಲ್ಲಿ ಮುರಿದುಕೊಳ್ಳುವ ಪದ್ಧತಿ ಇದು. ದುಬೈಯಲ್ಲಿ 2015ರಲ್ಲಿ ಆರಂಭವಾದ ಶಮ್ಸ್ ದುಬೈ ಯೋಜನೆಯೂ ಇದೇ ಬಗೆಯದು. ಭಾರತದಲ್ಲಿ 2024ರ ಫೆಬ್ರವರಿಯಲ್ಲಿ ಆರಂಭವಾದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್ ಫಲಕಕ್ಕೆ 78,000 ರೂಪಾಯಿ ಸಹಾಯಧನ ಗೊತ್ತಾಯಿತು. ಊರಿನಲ್ಲಿ ಸ್ವಂತ ಮನೆ ಇರುವ ಪೋಷಕರು ಈ ಬಗ್ಗೆ ವಿಚಾರಿಸಬಹುದು.

ಬೆಂಬಲ ಬೆಲೆಯ ನಿಜವಾದ ಸೊಗಸು ಕಾಣುವುದು ಗುಜರಾತಿನ ಖೇಡಾ ಜಿಲ್ಲೆಯ ಧುಂಡಿ ಎಂಬ ಹಳ್ಳಿಯಲ್ಲಿ. ಅಮುಲ್ ಡೈರಿಯ ಮೂಲಸಂಘ 1946ರಲ್ಲಿ ಹುಟ್ಟಿದ ಸೀಮೆ ಅದು. 2015-16ರಲ್ಲಿ ಅಲ್ಲಿ ಆರು ಮಂದಿ ರೈತರು ಸೋಲಾರ್ ಪಂಪುಗಳ ಸಹಕಾರ ಸಂಘ ಕಟ್ಟಿದರು. ಉಳಿದ ವಿದ್ಯುತ್ತನ್ನು ಯೂನಿಟ್ಟಿಗೆ 4 ರೂಪಾಯಿ 63 ಪೈಸೆಯಂತೆ 25 ವರ್ಷ ಕೊಳ್ಳಲು ವಿದ್ಯುತ್ ಕಂಪನಿ ಒಪ್ಪಂದ ಮಾಡಿಕೊಂಡಿತು. ಇದರಲ್ಲಿ ಒಂದು ಸೂಕ್ಷ್ಮವಿದೆ. ಸೋಲಾರ್ ಪಂಪು ನಡೆಸಲು ಖರ್ಚಿಲ್ಲ, ಆದ್ದರಿಂದ ರೈತ ಅಗತ್ಯಕ್ಕಿಂತ ಹೆಚ್ಚು ನೀರೆತ್ತಿ ಅಂತರ್ಜಲ ಬತ್ತಿಸುವ ಭಯವಿದೆ. ಆದರೆ ಎತ್ತದೆ ಉಳಿಸಿದ ವಿದ್ಯುತ್ತಿಗೆ ಹಣ ಬರುವುದಾದರೆ? ಆಗ ಪಂಪು ನಿಲ್ಲಿಸುವುದೂ ಒಂದು ಬೆಳೆಯಾಗುತ್ತದೆ! ಬೋರ್‌ವೆಲ್ ಸಾವಿರ ಅಡಿ ಇಳಿದಿರುವ ಕೋಲಾರ, ಚಿಕ್ಕಬಳ್ಳಾಪುರದ ಕಡೆಯವರಿಗೆ ಈ ಮಾತಿನ ತೂಕ ಬೇಗ ಅರ್ಥವಾದೀತು.

ನಾವು ಕಲಿಯಬೇಕಾದದ್ದು

ಫಲಕಗಳು ಅಗ್ಗವಾಗಿರುವ ಇಂದು 51 ಸೆಂಟ್‌ನಂತಹ ದರ ಬೇಕಾಗಿಲ್ಲ. ಆದರೆ ಚಿಕ್ಕವರಿಗೆ ಖಚಿತವಾದ, ನ್ಯಾಯವಾದ ಬೆಲೆ ಇಂದಿಗೂ ಬೇಕು. ಅಂತಹ ನೀತಿಯಲ್ಲಿ ಮೂರು ಗುಣಗಳಿರಬೇಕು. ಸೇರಿದವರಿಗೆ ಕೊಟ್ಟ ಮಾತು ತಪ್ಪಬಾರದು. ಹೊಸಬರ ದರ, ಎಲ್ಲರಿಗೂ ಮೊದಲೇ ತಿಳಿದಿರುವ ರೀತಿಯಲ್ಲಿ ಇಳಿಯುತ್ತ ಹೋಗಬೇಕು. ಛಾವಣಿ ಇಲ್ಲದವರ ಬಿಲ್ಲಿನ ಮೇಲೆ ಛಾವಣಿ ಇರುವವರ ಲಾಭ ನಿಲ್ಲಬಾರದು. ಜರ್ಮನಿ ಮೊದಲೆರಡನ್ನು ಬಹುಮಟ್ಟಿಗೆ ಪಾಲಿಸಿತು, ಮೂರನೆಯದನ್ನು ತಡವಾಗಿ ಕಲಿತಿತು. ಸ್ಪೇನ್ ಎರಡನೆಯದನ್ನು ಮರೆತು ಮೊದಲನೆಯದನ್ನೂ ಕಳೆದುಕೊಂಡಿತು.

ಬೆಳಕು ಸೂರ್ಯನದು, ಅದಕ್ಕೆ ಬೆಲೆ ಕಟ್ಟುವವರು ನಾವು. ಮುಂದೆ ಆ ಬೆಲೆಯನ್ನು ನಿರ್ಧರಿಸುವ ಎಂಜಿನಿಯರುಗಳೂ ಅಧಿಕಾರಿಗಳೂ ಶಾಸಕರೂ ಇಂದು ಈ ಪುಟ ಓದುತ್ತಿರುವ ನಿಮ್ಮಲ್ಲಿಯೇ ಇರಬಹುದು.

ಯೋಚಿಸಿ, ಉತ್ತರಿಸಿ

1. ಪಾವಗಡದಂತಹ ಬಿಸಿಲಿನ ಊರಿನಲ್ಲಿ 1 ಕಿಲೋವ್ಯಾಟ್ ಫಲಕ ವರ್ಷಕ್ಕೆ 1,500 ಯೂನಿಟ್ ಕೊಡುತ್ತದೆ ಎಂದುಕೊಳ್ಳಿ. 3 ಕಿಲೋವ್ಯಾಟ್ ಫಲಕದ ವಿದ್ಯುತ್ತನ್ನೆಲ್ಲ ಯೂನಿಟ್ಟಿಗೆ 4 ರೂಪಾಯಿಯಂತೆ ಮಾರಿದರೆ ವರ್ಷದ ಆದಾಯ ಎಷ್ಟು?

2. ಹೊಸಬರ ದರವನ್ನು ವರ್ಷ ವರ್ಷ ಇಳಿಸುವುದರಿಂದ ಫಲಕದ ಬೆಲೆ ಏಕೆ ಇಳಿಯುತ್ತದೆ? ನಿಮ್ಮ ಮಾತಿನಲ್ಲಿ ಬರೆಯಿರಿ.

3. ಬಾಡಿಗೆ ಮನೆಯಲ್ಲಿರುವವರೂ ಸೌರವಿದ್ಯುತ್ತಿನ ಲಾಭದಲ್ಲಿ ಪಾಲುದಾರರಾಗಲು ಏನು ಮಾಡಬಹುದು? ಹಾಲಿನ ಸಂಘವನ್ನು ನೆನಪಿನಲ್ಲಿಟ್ಟುಕೊಂಡು ಮನೆಯಲ್ಲಿ ಅಪ್ಪ ಅಮ್ಮನ ಜೊತೆ ಚರ್ಚಿಸಿ.